ಗಂಡು ನೋಡುವ ಟ್ಯಾಬು

ಟ್ಯಾಬಿನ ಕಪ್ಪು ಪರದೆಯ ಮೇಲೆ ಕಂಪನಿಯ ಗುರುತು ಮಿನುಗಿತು, ಆರಿತು, ಮತ್ತೆ ಮಿನುಗಿತು. ಮಧ್ಯಾಹ್ನದಿಂದ ಅದಕ್ಕೆ ಇದೊಂದೇ ಕೆಲಸ.

“ಅಪ್‌ಡೇಟ್ ಒತ್ತಿದವರು ಯಾರು?” ಗಾನವಿ ಕೇಳಿದಳು.

ಅಜ್ಜಿ ಹಂಪಮ್ಮ ಎರಡೂ ಕೈ ಎತ್ತಿ ತೋರಿಸಿದಳು: ನಾನಲ್ಲ. ಅಡುಗೆಮನೆಯ ಬಾಗಿಲಲ್ಲಿದ್ದ ತಾಯಿ ಉಮಾಶ್ರೀ ಸೆರಗಿನ ತುದಿ ತಿರುಚುತ್ತ ಗಡಿಯಾರದ ಕಡೆ ನೋಡಿದಳು.

ಸ್ವಲ್ಪ ಹೊತ್ತಿನಲ್ಲಿ ಬೀದರಿನಿಂದ ಗಂಡಿನ ಕಡೆಯವರ ವಿಡಿಯೊ ಕರೆ ಬರಬೇಕು. ಅದರ ಬೆನ್ನಿಗೇ ಅಜ್ಜಿಯ ಮಗ ಚನ್ನುಮಾವ ಕಾರು ತಂದು ಅವಳನ್ನು ರಾಯಚೂರಿಗೆ ಕರೆದೊಯ್ಯುತ್ತಾನೆ. ಅವನಿಗೆ ಈ ಮದುವೆ ಸುತರಾಂ ಬೇಡ. ಊರು ತಲುಪುವುದರೊಳಗೆ ಅವಳ ಕಿವಿ ಊದಿ ಮುಗಿಸಿರುತ್ತಾನೆ. ಗಂಡಸರಿಲ್ಲದ ಈ ನಾರಾಯಣಗೂಡದ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯ ಮಾತು. ಅವಳು ಹೊರಡುವ ಮೊದಲು ಹೂಂ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಫೋನಿನಲ್ಲಿ ಸಾಗುವಂತಿರಲಿಲ್ಲ. ಹಂಪಮ್ಮನ ಕಣ್ಣಿಗೆ ಫೋನಿನೊಳಗೆ ಎಲ್ಲರೂ ಕಡಲೆಕಾಳು. ಟ್ಯಾಬನ್ನಾದರೆ ಮೂಗಿಗೆ ಹಿಡಿದು ಎದುರಿನವರ ಹುಬ್ಬಿನ ಕೂದಲನ್ನೂ ಬಿಡದೆ ನೋಡುತ್ತಾಳೆ. “ಮೊದಲ ಮುಖ, ಆಮ್ಯಾಲ ಚಹಾ” ಎಂಬುದು ಅವಳ ಕಟ್ಟಳೆ. ಮುಖ ಒಪ್ಪದವರಿಗೆ ಹೊಸ್ತಿಲು ದಾಟುವ ಭಾಗ್ಯವಿಲ್ಲ.

“ಅವ್ವಾ, ಖರೇ ಹೇಳು. ನೀನ ಒತ್ತಿದ್ದೇನು?”

“ಎದಿ ಢವಢವ ಅನ್ನಾಕತ್ತಿತ್ತು,” ಎಂದಳು ಉಮಾಶ್ರೀ. “ಒಂದೆರಡು ದಿನ ತಡ ಆಗಲಿ ಅಂತ…”

“ಈ ಸಂಬಂಧ ಬ್ಯಾಡೇನು?”

“ಬ್ಯಾಡಂತ ಎಲ್ಲಿ ಅಂದೆ? ನೀ ಒಂದು ಮನ್ಯಾಗ, ನಾ ಒಂದು ಮನ್ಯಾಗ. ಹೆಂಗ ಇರೋದು?”

“ಬೀದರ ಏನು ಲಂಡನ್ನೇ? ಇಲ್ಲಿ ನಾಷ್ಟಾ ಮಾಡಿ ಬಸ್ ಹತ್ತಿದ್ರ ಅಲ್ಲಿ ಊಟ.” ಗಾನವಿಗೆ ನಗು ತಡೆಯಲಾಗಲಿಲ್ಲ. ಫೋನ್ ತೆಗೆದು ತರುಣನಿಗೆ ಕರೆ ಮಾಡಿ ಸ್ಪೀಕರ್ ಒತ್ತಿದಳು.

ತರುಣ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಗಾನವಿಯ ಪಕ್ಕದ ಮೇಜಿನವನು. ರಜೆ ಹಾಕಿ ಬೀದರಿನ ಮನೆಗೆ ಹೋಗಿದ್ದ. ಈ ಸಂಬಂಧ ಚಿಗುರಿದ್ದೂ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಇಬ್ಬರೂ ಊಟದ ಡಬ್ಬಿ ಹಂಚಿಕೊಳ್ಳುತ್ತ.

“ಪವರ್ ಗುಂಡಿ, ವಾಲ್ಯೂಮ್ ಗುಂಡಿ ಎರಡೂ ಕೂಡಿಸಿ ಒತ್ತಿ ಹಿಡಿ,” ಎಂದ ತರುಣ. “ಬಿಡಬ್ಯಾಡ.”

ಗಾನವಿ ಹಿಡಿದಳು. ಹೆಬ್ಬೆರಳು ಬಿಳುಚಿಕೊಂಡಿತು. ಉಮಾಶ್ರೀ ಒಳಗೆ ಹೋಗಿ ಸುಲ್ತಾನ್ ಬಜಾರಿನ ಹೊಸ ಸೀರೆ ಕಳಚಿ ಇಳಕಲ್ ಉಟ್ಟು ಬಂದಳು. ಕನ್ನಡಿ ನೋಡಿದಳು. ಮತ್ತೆ ಹೋಗಿ ಹೊಸದನ್ನೇ ಉಟ್ಟು ಬಂದಳು.

“ಹುಡುಗಿಗೆ ಹೂ ಮುಡಿಸಿದ್ರೇನು?” ಹಂಪಮ್ಮ ಕೂಗಿದಳು.

“ಮೊದಲ ಟ್ಯಾಬ್ ಏಳಲಿ, ಅಜ್ಜಿ!” ಹಳೆಯ ಟಿ-ಶರ್ಟಿನಲ್ಲೇ ಇದ್ದ ಗಾನವಿ ಬೆವರು ಒರೆಸಿಕೊಂಡಳು.

ಪರದೆಯ ಮೇಲೆ ಸಣ್ಣಕ್ಷರದ ಸಾಲುಗಳು ಮೂಡಿದವು.

“ಈಗ ಕ್ಯಾಶ್ ಅಳಿಸು,” ಎಂದ ತರುಣ.

“ಅಯ್ಯ, ಕ್ಯಾಶ್ ಯಾಕ ಅಳಿಸ್ತೀರಿ?” ಹಂಪಮ್ಮ ಗಾಬರಿಯಿಂದ ಎದ್ದು ನಿಂತಳು. “ಮದುವಿ ಖರ್ಚು ಐತಿ!”

“ರೊಕ್ಕ ಅಲ್ಲ ಅಜ್ಜಿ, ಟ್ಯಾಬಿನೊಳಗಿನ ಕಸ!”

ಅದರ ಕೆಳಗಿನ ಸಾಲು ಒತ್ತಿದರೆ ಕಸದ ಜೊತೆ ಎಲ್ಲವೂ ಗುಡಿಸಿಹೋಗುತ್ತದೆ ಎಂದು ತರುಣ ಎಚ್ಚರಿಸಿದ. ಗಾನವಿ ಬೆರಳು ತಪ್ಪದಂತೆ ಮೇಲಿನ ಸಾಲನ್ನೇ ಒತ್ತಿದಳು. ಪರದೆ ಕತ್ತಲಾಯಿತು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಗುರುತು ಮಿನುಗಿತು. ಆರಲಿಲ್ಲ. ಟ್ಯಾಬು ಟಿಂಗ್ ಎಂದು ಎದ್ದಿತು: ಅಪ್‌ಡೇಟ್ ಆಗಲಿಲ್ಲ, ಹಳೆಯದರಲ್ಲೇ ಮುಂದುವರಿಯಲಾಗಿದೆ.

ಗಾನವಿ ಕುಣಿದೇಬಿಟ್ಟಳು. ತಾಯಿಯನ್ನು ಹಿಡಿದು ಎರಡು ಸುತ್ತು ತಿರುಗಿಸಿದಳು. ಅಷ್ಟರಲ್ಲಿ ಬೀದರಿನ ಕರೆ ಬಂತು.

ಹಂಪಮ್ಮ ಟ್ಯಾಬನ್ನು ಮೂಗಿಗೆ ಒತ್ತಿಕೊಂಡಳು. ಪರದೆಯ ತುಂಬ ತರುಣನ ಮುಖ.

“ಶರಣ್ರಿ ಅಜ್ಜಿ.”

“ಶರಣಪ್ಪಾ. ಲಕ್ಷಣ ಅದಿ. ನಮ್ಮ ಹುಡುಗಿ ಅಡುಗಿ ಛಲೋ ಮಾಡ್ತಾಳ. ಆದರ ದಿನಾ ಅಕಿನ ಮಾಡಬೇಕು ಅನ್ನಂಗಿಲ್ಲ.”

“ನಮ್ಮನ್ಯಾಗ ಗಂಡಸ್ರ ಮಾಡೋದ್ರಿ. ಭಾಳ ವರ್ಷ ಆತು.”

“ಅಕಿಗೆ ಸಿಟ್ಟು ಜಾಸ್ತಿ.”

“ನಾವು ಇಬ್ಬರದೀವ್ರಿ. ಪಾಳಿ ಮ್ಯಾಲ ಬೈಸ್ಕೊಂತೀವಿ.”

ಹಂಪಮ್ಮ ನಕ್ಕ ನಗೆಗೆ ಟ್ಯಾಬು ಅಲುಗಾಡಿತು. ಆಗಲೇ ಬಾಗಿಲು ಸದ್ದಾಯಿತು. ಚನ್ನುಮಾವ ಕಾರಿನ ಕೀಲಿ ತಿರುಗಿಸುತ್ತ ಒಳಗೆ ಬಂದ. ಪರದೆಯ ಕಡೆಗೊಮ್ಮೆ, ಸೀರೆಯ ನೆರಿಗೆ ಸರಿಪಡಿಸುತ್ತಿದ್ದ ತಂಗಿಯ ಕಡೆಗೊಮ್ಮೆ ನೋಡಿದ.

“ಅವ್ವಾ, ಏನಿದು ಹುಚ್ಚಾಟ? ಜನ ಏನಂತಾರ?”

“ಜನ ಊಟಕ್ಕ ಬರ್ತಾರ. ಹೋಳಿಗಿ ಬಡಿಸಿದ್ರ ಸುಮ್ಮನಾಗ್ತಾರ. ನೀನೂ ಚಪ್ಪಲಿ ಬಿಟ್ಟು ಸುಮ್ಮನ ಕೂಡು.”

ಚನ್ನುಮಾವ ಕುಳಿತ. ಉಮಾಶ್ರೀ ಗಾನವಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಹಂಪಮ್ಮ ಮತ್ತೆ ಪರದೆಗೆ ಮೂಗು ತಾಗಿಸಿದಳು. “ನೋಡಪ್ಪಾ ತರುಣ, ಮನಿ ಹೆಂಗೈತಿ ಅಂತ ನಿನ್ನ ನೋಡಿದ್ರ ಗೊತ್ತಾಗತೈತಿ. ಈಗ ಗಂಡನ್ನ ಕರಿ.”

ತರುಣ ಹಿಂದೆ ತಿರುಗಿ ಕೂಗಿದ: “ಅಪ್ಪಾ, ಸಾಕು ನಾಚಿಕಿ! ಬಂದು ಕೂಡು, ಉಮಾಶ್ರೀಯವರು ಕಾಯಾಕತ್ತಾರ.”