ಮರೆಸುವ ಮದ್ದು

ತಂಡ ಬದಲಿಸುವ ಆಟಗಾರ್ತಿಗೆ ಹಳೆಯ ತಂಡವನ್ನು ಮರೆಸುವ ಚುಚ್ಚುಮದ್ದು ಕೊಡುವುದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬುಗಳ ವಾಡಿಕೆ. ಆಟದ ಗುಟ್ಟುಗಳು ಎದುರಾಳಿಗೆ ಸಿಗಬಾರದಲ್ಲ. ಮೂರು ವರ್ಷ ಕಾದರೂ ಆಟ ಕುದುರದ ಮೇದಿನಿಯನ್ನು ಬಿಟ್ಟುಕೊಡುವ ಕಾಗದಕ್ಕೆ ಕೋಚ್ ವಾರಿಜಾ ಬೆಳಿಗ್ಗೆ ಸಹಿ ಹಾಕಿದಳು.

"ನಿಮ್ಮನ್ನೂ ಮರೀತೀನಾ ಅಕ್ಕಾ?" ಎಂದು ಹುಡುಗಿ ಕೇಳಿದಳು.

"ಮರೆತ್ರೆ ನಿಂಗೇ ಒಳ್ಳೇದು ಕಣೇ, ಬೈಗುಳ ತಪ್ಪುತ್ತೆ."

ಮಧ್ಯಾಹ್ನ ಮದ್ದು ಹಾಕಿಸಿಕೊಂಡು ಬಂದ ಮೇದಿನಿ, ಬಸ್ಸು ಬರುವವರೆಗೆ ಹೊತ್ತು ಕಳೆಯಲು ಚೆಂಡು ಎತ್ತಿಕೊಂಡಳು. ಅವಳು ಗುರಿಯಿಟ್ಟಾಗ ವಾರಿಜಾ ಅಭ್ಯಾಸಬಲದಿಂದ 'ಚ್ಚ್' ಎಂದು ಲೊಚಗುಟ್ಟಿದಳು. ಮೂರು ವರ್ಷವೂ ಆ ಸದ್ದಿಗೇ ಹುಡುಗಿಯ ಕೈ ನಡುಗುತ್ತಿತ್ತು. ಈಗ ನಡುಗಲಿಲ್ಲ. ಚೆಂಡು ನೇರ ಬುಟ್ಟಿಗೆ ಬಿತ್ತು. ಮತ್ತೆ ಎಸೆದಳು, ಮತ್ತೆ ಬಿತ್ತು.

"ಇಲ್ಲಿ ಯಾರೋ ನಂಗೆ ತುಂಬಾ ಚೆನ್ನಾಗಿ ಕಲಿಸಿದಾರೆ ಅಲ್ವಾ ಮೇಡಂ? ಅವ್ರು ಸಿಕ್ಕಿದ್ರೆ ನಮಸ್ಕಾರ ಹೇಳಿ."

"ಸಿಕ್ಕಿದ್ರೆ ಹೇಳ್ತೀನಮ್ಮಾ," ಎಂದಳು ವಾರಿಜಾ.