ಬಾನೆಟ್ ಮೇಲಿನ ಕುಂಕುಮ

ಪ್ರತಿ ಭಾನುವಾರ ಸರಿಯಾಗಿ ನಾಲ್ಕಕ್ಕೆ ಕಪಾಟು ತೆರೆದು ಈ ಪುಟ್ಟ ಕಾರುಗಳ ಧೂಳು ತೆಗೆಯುತ್ತೇನೆ. ತೇಗದ ವಾಸನೆ ಮೂಗಿಗೆ ತಾಗಿದೊಡನೆ ಧನಕವಡಿಯ ಮನೆಯಲ್ಲಿ ಕಳೆದ ಆ ಖಂಡೇನವಮಿ, ಗಾಡಿಗಳಿಗೆಲ್ಲ ಆಯುಧಪೂಜೆ ಮಾಡುವ ದಿನ, ನೆನಪಾಗುತ್ತದೆ.

ಅಪ್ಪ ಒಬ್ಬ ಮಾಲಕರ ಕಾರಿನ ಡ್ರೈವರ್ ಆಗಿದ್ದರು. ಭೋರ್ ಎಂಬ ಊರಿನ ಬಡಗಿಯೊಬ್ಬ ಹಳೆಯ ಕಾಲದ ಕಾರುಗಳನ್ನು ನೋಡಿ ಕೆತ್ತಿಕೊಟ್ಟ ಏಳು ಪುಟ್ಟ ಕಾರುಗಳನ್ನು ಅವರು ಕೂಡಿಸಿಟ್ಟಿದ್ದರು. ಬಾಗಿಲು ತೆರೆಯುತ್ತಿದ್ದವು, ಉಗುರಿನಷ್ಟು ಸ್ಟೀರಿಂಗ್ ತಿರುಗುತ್ತಿತ್ತು. ಅವನ್ನು ಒರೆಸುವ ಅಪ್ಪಣೆ ನನಗೊಬ್ಬಳಿಗೇ ಇತ್ತು.

ಆ ಮಧ್ಯಾಹ್ನ ಮಾಲಕರ ಕಾರಿಗೆ ಪೂಜೆ ಮುಗಿಸಿ ಬಂದ ಅಪ್ಪ ಕಪಾಟು ತೆರೆದರು. ಕೆನೆಬಣ್ಣದ ಕಾರಿನ ಬಾನೆಟ್ ಮೇಲೆ ಕುಂಕುಮ ಅಂಟಿತ್ತು.

"ಕೈ ತೋರ್ಸು," ಎಂದು ನನ್ನ ಬೆರಳುಗಳನ್ನು ತಿರುಗಿಸಿ ನೋಡಿದರು. "ತೊಳಕೊಂಡಿ ಏನ?"

"ನಾ ಮುಟ್ಟಿಲ್ರಿ ಅಪ್ಪಾ."

"ಕೀಲಿ ಎಲ್ಲದ ಅಂತ ನಿನಗಷ್ಟ ಗೊತ್ತದ, ಕಳ್ಳಿ! ಇನ್ನ ಮ್ಯಾಲೆ ಕಪಾಟು ಮುಟ್ಟಂಗಿಲ್ಲ."

ಬೆಳಿಗ್ಗೆ ಸಕ್ಕರೆ ಕೇಳಲು ಬಂದಿದ್ದ ಪಕ್ಕದ ಮನೆಯ ಕಾಕೂ ಮೇಲೆ ನನಗೆ ಅನುಮಾನ. ಅಷ್ಟರಲ್ಲಿ ಅಪ್ಪ ಕಾರನ್ನು ಎತ್ತಿದರು. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣಿನ ಬದಲು ಒಂದೊಂದು ನಿಂಬೆ ಬೀಜ ಇತ್ತು. ಅವರು ಅಡುಗೆಮನೆಯತ್ತ ತಿರುಗಿದರು. ಅವ್ವ ತಲೆ ಎತ್ತದೆ ಹಿಟ್ಟು ನಾದುತ್ತಿದ್ದಳು.

"ಆಕಿನ್ನ ಯಾಕ ಬೈತೀರಿ?" ಎಂದಳು. "ಮಂದಿ ಗಾಡಿಗೆ ನೀವು ಪೂಜಿ ಮಾಡಿ ಬರ್ತೀರಿ. ನಮ್ಮ ಗಾಡಿಗೆ ಯಾರ ಮಾಡ್ಬೇಕ್ರಿ?"

ಅಪ್ಪ ಕಾರನ್ನು ಮೆಲ್ಲಗೆ ಆ ಬೀಜಗಳ ಮೇಲೇ ಇಟ್ಟರು. ಆಮೇಲೆ ದೇವರ ಮುಂದಿದ್ದ ಕುಂಕುಮದ ಬಟ್ಟಲನ್ನು ತಂದು ನನ್ನ ಕೈಗೆ ಕೊಟ್ಟರು.

"ಉಳಿದ ಆರು ಏನ ಪಾಪ ಮಾಡ್ಯಾವ? ಹಚ್ಚು."