ಹನ್ನೊಂದನೆಯ ಶಬ್ದ

“ಇದು ಕದ್ದ ಮಾಲು!”

ಮೇಷ್ಟ್ರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದರು. ಪಕ್ಕದಲ್ಲಿದ್ದ ಅವರ ಬೀಗದ ಕೈ ಗೊಂಚಲು ಗಲಗಲ ಎಂದು ನೆಲಕ್ಕೆ ಬಿತ್ತು. ಎದುರು ನಿಂತಿದ್ದ ಹುಡುಗಿ ಬಗ್ಗಿ ಅದನ್ನೆತ್ತಿ, ಒಂದು ಕ್ಷಣ ಕೈಯಲ್ಲೇ ಹಿಡಿದು, ಆಮೇಲೆ ಮೇಜಿನ ಮೇಲಿಟ್ಟಳು.

ಮೇಷ್ಟ್ರು ಸಿನಿಮಾ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಶಬ್ದಗ್ರಹಣ ಕಲಿಸುವವರು. ಕೋಪ ಮೂಗಿನ ತುದಿಯಲ್ಲೇ. ಕಿವಿ ಮಾತ್ರ ಮಹಾ ಚುರುಕು. ಕಣ್ಣು ಮುಚ್ಚಿ ಕೇಳಿ, ಇದು ಮರದ ಮೆಟ್ಟಿಲು, ಇದು ಕಲ್ಲಿನದು, ಇದು ಸವೆದ ಚಪ್ಪಲಿ ಎಂದು ಹೇಳಬಲ್ಲವರು. ಅಂಥ ಕಿವಿಗೆ ಗದ್ದಲ ಆಗಿಬರುವುದಿಲ್ಲ. ತಮ್ಮ ಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವುದು ಅವರಿಗೊಂದು ಹೆಮ್ಮೆ.

ಹುಡುಗಿ ಕೊನೆಯ ವರ್ಷದವಳು. ಅವಳ ತಂಡ ಮಾಡಹೊರಟದ್ದು ಥ್ರಿಲ್ಲರ್. ಅದರ ಮೊದಲ ಎರಡು ನಿಮಿಷದ ಯೋಜನೆಗೆ ಇಂದು ಮೇಷ್ಟ್ರ ಸಹಿ ಬೀಳಬೇಕು. ಬಿದ್ದರೆ ನಾಳೆ ಕ್ಯಾಮೆರಾ ಕೈಗೆ ಸಿಗುತ್ತದೆ, ಬೀಳದಿದ್ದರೆ ಒಂದು ವರ್ಷ ಮಣ್ಣುಪಾಲು. ಇಂಟರ್ನೆಟ್ಟಿನಿಂದ ಇಳಿಸಿದ ಸಿದ್ಧ ಶಬ್ದ ಒಂದೇ ಒಂದು ಸಿಕ್ಕರೂ ಇಡೀ ತಂಡ ಫೇಲು. ನಿಯಮ ಮೇಷ್ಟ್ರದೇ.

ಮಂಡಿನೋವಿನ ಎಡಗಾಲನ್ನು ಎಳೆಯುತ್ತ ಅವರು ಗೋಡೆಯ ಬಳಿ ಹೋದರು. ಆ ಎರಡು ನಿಮಿಷದ ದೃಶ್ಯಗಳನ್ನು ಬರೆದು ತಂಡ ಅಲ್ಲಿ ಅಂಟಿಸಿದ್ದ ಐದು ಚಿತ್ರಗಳನ್ನು ನೋಡಿಯೇ ಬೆಳಗ್ಗೆ ಅವರ ಪಿತ್ತ ಕೆರಳಿದ್ದು. ಒಂದರಲ್ಲಿ ಮೇಜಿನ ಮುಂದೆ ಕೂತು ನಗುವ ತಾಯಿ, ಮಗಳು. ಎರಡರಲ್ಲಿ ಖಾಲಿ ಮೆಟ್ಟಿಲು. ಮೂರರಲ್ಲಿ ನಗು ನಿಂತ ಮುಖಗಳು. ನಾಲ್ಕರಲ್ಲಿ ರೇಡಿಯೋ ಆರಿಸುವ ಕೈ. ಐದರಲ್ಲಿ ತಿರುಗುವ ಬಾಗಿಲ ಹಿಡಿ. ಮುಗಿಯಿತು.

“ಕೊಲೆ ಎಲ್ಲಿ?”

“ಇಲ್ಲ ಸರ್.”

“ಚಾಕು? ರಕ್ತ? ಹೋಗ್ಲಿ, ಕಿಟಕಿಯಿಂದ ಒಂದು ಬೆಕ್ಕಾದ್ರೂ ಹಾರುತ್ತಾ?”

“ಇಲ್ಲ ಸರ್. ಅವನು ಮನೆಗೆ ಬರ್ತಾನೆ, ಅಷ್ಟೇ.”

“ಯಾರ ಮನೆಗೆ?”

“ಅವನ ಮನೆಗೇ.”

ಮೇಷ್ಟ್ರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಮಂಗಳಾರತಿ ಶುರುವಾಗುತ್ತದೆ ಎಂಬುದಕ್ಕೆ ಅದೇ ಗುರುತು. ಕಾರಿಡಾರಿನಲ್ಲಿ ಕಾಯುತ್ತಿದ್ದ ತಂಡದ ಇನ್ನಿಬ್ಬರು ಬಾಗಿಲಿನಿಂದ ದೂರ ಸರಿದರು.

“ಸ್ವಂತ ಮನೆಗೆ ಬರೋನನ್ನ ಕಂಡು ಹೆದರೋರು ಯಾರಮ್ಮಾ? ತಲೆ ನೆಟ್ಟಗಿದೆಯಾ? ಇರ್ಲಿ, ಕತೆ ನಿನ್ನ ಹಣೇಬರಹ. ಶಬ್ದ ನಂದು. ಅದರಲ್ಲಿ ನನ್ನ ಕಿವಿಗೆ ಹೂ ಇಡೋಕೆ ಬರ್ಬೇಡ. ಒಂದು ಹೆಜ್ಜೆ ಜೋರು, ಇನ್ನೊಂದು ಎಳೆದ ಹಾಗೆ. ಇಬ್ಬರ ನಡಿಗೆ ತಂದು ಅಂಟಿಸಿದ್ದು ಇದು. ಮಧ್ಯೆ ಗಲಗಲ ಅನ್ನುತ್ತಲ್ಲ, ಅದು ಡಬ್ಬಿಯೊಳಗೆ ಚಮಚ ಅಲ್ಲಾಡಿಸಿದ್ದು. ಸಾಲದ್ದಕ್ಕೆ ಖಳನಾಯಕ ಗಂಟಲು ಬೇರೆ ಕೆರ್ಕೋತಾನೆ, ನಾಟಕದವನ ಹಾಗೆ! ಎಲ್ಲಿಂದ ಇಳಿಸಿದೆ?”

“ನಿಜವಾದ ಮನೇದೇ ಸರ್. ನನ್ನ ಸ್ನೇಹಿತೆ ಮನೆ. ಅವಳೇ ರೆಕಾರ್ಡ್ ಮಾಡಿಕೊಟ್ಟಿದ್ದು.”

“ಹಾಗಿದ್ರೆ ಘೋಷಣೆ ಎಲ್ಲಿ?”

ಅದು ಮೇಷ್ಟ್ರ ಮೊದಲ ಪಾಠ. ಯಂತ್ರ ಶುರುವಾದ ಕೂಡಲೇ ಮೈಕಿಗೆ ಹೇಳಬೇಕು: ಶಬ್ದದ ಸಂಖ್ಯೆ, ಜಾಗ, ಯಾರ ಅಥವಾ ಯಾವುದರ ಸದ್ದು. ಆಮೇಲೆ ಒಂದು ಉಸಿರಿನಷ್ಟು ಮೌನ. ಘೋಷಣೆ ಇಲ್ಲದ ಶಬ್ದವನ್ನು ಅವರು ಮುಟ್ಟಿಯೂ ನೋಡುತ್ತಿರಲಿಲ್ಲ.

“ನನ್ನ ಮಗಳು ಎಂಟನೇ ವಯಸ್ಸಿಗೇ ಕಲಿತ್ಳು ಇದನ್ನ! ಅಡುಗೆಮನೆ ನಲ್ಲಿ ತೊಟ್ಟಿಕ್ಕೋದಕ್ಕೂ ನಂಬರ್ ಕೊಟ್ಟು ಹೇಳೋಳು. ನಿಮಗೆ ಮೂರು ವರ್ಷ ಬಡ್ಕೊಂಡ್ರೂ ತಲೆಗೆ ಹತ್ತಲ್ಲ.”

ಹುಡುಗಿ ಆಗ ತಲೆ ಎತ್ತಿದಳು. “ಘೋಷಣೆ ಇದೆ ಸರ್. ನಾನೇ ಕತ್ತರಿಸಿದೆ. ಯಾರಿಗೂ ಕೇಳಿಸಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ.”

“ಮಾತಂತೆ ಮಾತು! ಪೂರ್ತಿ ಹಾಕು. ಇಲ್ಲಾಂದ್ರೆ ಈಗಲೇ ‘ತಿರಸ್ಕೃತ’ ಅಂತ ಬರೀತೀನಿ.”

“ಬರೀರಿ ಸರ್. ವರ್ಷ ಹೋದ್ರೆ ಹೋಗ್ಲಿ.”

ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಅವರೆದುರು ಅತ್ತವರನ್ನು ಕಂಡಿದ್ದರೇ ಹೊರತು, ಹೀಗೆ ದಿಟ್ಟಿಸಿ ನೋಡಿದವರನ್ನು ಕಂಡಿರಲಿಲ್ಲ. ಕದ್ದದ್ದೂ ಅಲ್ಲದೆ ಇಷ್ಟು ಸೊಕ್ಕೇ! ಪೆನ್ನು ತೆಗೆದು ‘ತಿರ’ ಎಂದು ಬರೆದರು. ಅಲ್ಲಿಗೇ ನಿಲ್ಲಿಸಿದರು. ಹಾಗೆ ಫೇಲು ಮಾಡಿದರೆ ನಾಳೆ ಪ್ರಾಂಶುಪಾಲರ ಮುಂದೆ ಹೋಗಿ ಕತೆ ಕಟ್ಟುತ್ತಾಳೆ. ಕಳ್ಳತನವನ್ನು ಇಲ್ಲೇ, ಇವಳ ಮುಂದೆಯೇ ಬಯಲು ಮಾಡಬೇಕು.

ಅವಳ ಕೈಯಲ್ಲಿದ್ದ ರೆಕಾರ್ಡರನ್ನು ಕಿತ್ತುಕೊಂಡರು. ಅದರಲ್ಲಿ ಮೂಲ ಶಬ್ದಗಳು ಸಾಲಾಗಿ ಇದ್ದವು. ಯೋಜನೆಯ ಹಾಳೆಯಲ್ಲಿ ಆ ಹೆಜ್ಜೆ ಸದ್ದಿಗೆ ಕೊಟ್ಟಿದ್ದ ಸಂಖ್ಯೆ ಹನ್ನೊಂದನ್ನು ಹುಡುಕಿ ಹೆಡ್‌ಫೋನಿನ ತಂತಿ ಸಿಕ್ಕಿಸಿದರು.

“ಬೇಡ ಸರ್,” ಎಂದಳು ಹುಡುಗಿ. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಈಗ ಬೇಡಿಕೊಳ್ಳುತ್ತಿದ್ದಳು. “ದಮ್ಮಯ್ಯ ಸರ್, ಫೇಲ್ ಮಾಡ್ಬಿಡಿ. ಅದನ್ನ ಮಾತ್ರ ಕೇಳ್ಬೇಡಿ.”

ಸಿಕ್ಕಿಬಿದ್ದಳು ಎಂದುಕೊಂಡರು ಮೇಷ್ಟ್ರು. ಅಭ್ಯಾಸದಂತೆ ಕಣ್ಣು ಮುಚ್ಚಿ ಗುಂಡಿ ಒತ್ತಿದರು. ಮೊದಲು ಕೇಳಿದ್ದು ರೇಡಿಯೋದ ಹಾಡು. ಅದರ ಜೊತೆ ಇಬ್ಬರು ಹೆಂಗಸರ ನಗು, ಬಿದ್ದು ಬಿದ್ದು ನಗುವ ನಗು. ಅಂಥದ್ದನ್ನು ಅವರು ಎಲ್ಲೂ ಕೇಳಿದ ನೆನಪಿಲ್ಲ. ದೂರದಲ್ಲಿ ಕೆಳಗೆಲ್ಲೋ ಗಲಗಲ. ನಗು ತಟ್ಟನೆ ನಿಂತಿತು. ಯಾರೋ ಮೈಕನ್ನು ಬಾಯಿಯ ಹತ್ತಿರ ತಂದರು.

“ಶಬ್ದ ಹನ್ನೊಂದು. ನಮ್ಮನೆ ಮೆಟ್ಟಿಲು,” ಎಂದು ಪಿಸುಗುಟ್ಟಿತು ಅವರ ಮಗಳ ದನಿ. “ಅಮ್ಮಾ, ರೇಡಿಯೋ ಆರಿಸು, ಅಪ್ಪ ಬಂದ್ರು.”